ಕಲಬುರಗಿ ಗ್ಯಾರೇಜಿನ ‘ಗಾಡಿ ಕುಂಡಲಿ’: ಕಬ್ಬಿಣ ಓದೋದು ಬರೋಬ್ಬರಿ, ಕಾಗದ ಓದೋದು ಕಚ್ಚಾ

ನಮ್ಮ ಕಡೆ ಹಳೆ ಕಾರಿಗೆ ಇರೋದು ಎರಡೇ ಚರಿತ್ರೆ. ಒಂದು, ‘ನಿಜಾಮನ ಗಾಡಿ’. ಇನ್ನೊಂದು, ‘ಬ್ರಿಟಿಷ್ ಸಾಹೇಬರು ಬಿಟ್ಟು ಹೋದದ್ದು’. ಕಂಪನಿಯಿಂದ ಬಂದ ಕಾರಾದರೆ ಈ ಕಥೆಯನ್ನು ಅರ್ಧ ದಿನದಲ್ಲಿ ಒಡೆಯಬಹುದು. ನಂಬರು ನೋಡಿದರೆ ಇಸವಿ ಸಿಗುತ್ತದೆ. ಮನೆಯಲ್ಲೇ ಕಟ್ಟಿದ ಸ್ಪೋರ್ಟ್ಸ್ ಕಾರಿನ ಮಾತು ಬೇರೆ. ಚಾಸಿ (ಕೆಳಗಿನ ಕಬ್ಬಿಣದ ಚೌಕಟ್ಟು) ಒಂದು ಕಾರಿನದು, ಇಂಜಿನ್ ಇನ್ನೊಂದರದು, ಬಾಡಿ ಕಟ್ಟಿದವರ ಕೈಯದು. ಅದಕ್ಕೆ ಹುಟ್ಟಿದ ತಾರೀಖು ಅಂತ ಒಂದು ಇರೋದಿಲ್ಲ, ಮೂರು ಇರುತ್ತವೆ. ಮೂರನ್ನೂ ಬೇರೆ ಬೇರೆ ಬರೆದುಕೊಡುವವರು ಸಿಕ್ಕರೆ ಅದೃಷ್ಟ.

ಕಲಬುರಗಿಯ ಹುಮನಾಬಾದ್ ರಿಂಗ್ ರಸ್ತೆ ಕಡೆ ಒಂದು ಗ್ಯಾರೇಜು ಈ ಕೆಲಸ ಮಾಡಿಕೊಡುತ್ತದೆ. ಹೊಗಳಿಕೆಯ ಜತೆ ದೂರೂ ಇರುವುದರಿಂದ ಹೆಸರು ಬೇಡ. ಗಾಡಿಯನ್ನು ನಾಲ್ಕು ದಿನ ಇಟ್ಟುಕೊಂಡು, ಅಳತೆ ಹಿಡಿದು, ಫೋಟೋ ತೆಗೆದು, ಹನ್ನೊಂದು ಪುಟದ ವರದಿ ಕೊಡುತ್ತಾರೆ. ಮಿಸ್ತ್ರಿಗಳು ಅದಕ್ಕೆ ‘ಕುಂಡಲಿ’ ಅನ್ನುತ್ತಾರೆ. ಇಲ್ಲಿ ತೂಗುತ್ತಿರುವುದು ಬಸವಕಲ್ಯಾಣ ಕಡೆಯ ವಾಡೆಯೊಂದರಿಂದ ಬಂದ ಎರಡು ಸೀಟಿನ ಅಲ್ಯೂಮಿನಿಯಂ ಬಾಡಿಯ ಕಾರಿನ ವರದಿ. ಮನೆಯವರ ಪ್ರಕಾರ ಅದು 1936ರ ರೇಸ್ ಕಾರು. ಹೌದು, ನಿಜಾಮನದೇ.

ಮೊದಲು ಒಳ್ಳೆಯ ಕೆಲಸದ ಮಾತು. ಅಳತೆ ಹಿಡಿಯುವುದರಲ್ಲಿ ಇವರನ್ನು ಸರಿಗಟ್ಟುವವರನ್ನು ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಯಲ್ಲಿ ಕಾಣೆ. ಶೆಡ್ಡಿನ ನೆಲಕ್ಕೆ ಪಾಲಿಶ್ ಶಹಾಬಾದ್ ಫರ್ಸಿ ಹಾಸಿದ್ದಾರೆ, ಸಂದುಗಳಲ್ಲಿ ನಾಣ್ಯ ನಿಲ್ಲದಷ್ಟು ಸಮ. ಕಾರನ್ನು ನಾಲ್ಕು ಸ್ಟ್ಯಾಂಡ್ ಮೇಲೆ ಎತ್ತಿ, ಗೌಂಡಿಗಳು ಬಳಸುವ ನೀರಿನ ಪೈಪಿನಿಂದ ಚಾಸಿಯ ನಾಲ್ಕೂ ಮೂಲೆ ಒಂದೇ ಮಟ್ಟಕ್ಕೆ ತರುತ್ತಾರೆ. ಆಮೇಲೆ ಆಕ್ಸಲ್ ನಡುವಿನಿಂದ, ಸ್ಪ್ರಿಂಗ್ ಹ್ಯಾಂಗರ್ ತೂತುಗಳಿಂದ, ಇಂಜಿನ್ ಮತ್ತು ಗೇರ್‌ಬಾಕ್ಸ್ ಮೌಂಟುಗಳಿಂದ ತೂಗುಗುಂಡು ಬಿಟ್ಟು ಫರ್ಸಿ ಮೇಲೆ ಸೀಮೆಸುಣ್ಣದ ಚುಕ್ಕಿ. ಕಾರು ಪಕ್ಕಕ್ಕೆ ತಳ್ಳಿದ ಮೇಲೆ ನೆಲದಲ್ಲಿ ಚಾಸಿಯ ರಂಗೋಲಿ ಉಳಿಯುತ್ತದೆ. ಟೇಪ್ ಹಿಡಿಯುವುದು ಆ ಚುಕ್ಕಿಗಳ ನಡುವೆ. ಕಾರಿನ ಕೆಳಗೆ ಮಲಗಿ ಟೇಪ್ ಎಳೆದರೆ ಅರ್ಧ ಇಂಚು ಆಚೀಚೆ ಆಗಿಯೇ ಆಗುತ್ತದೆ. ಹೀಗೆ ಹಿಡಿದರೆ 2 ಮಿಮೀ ಒಳಗೆ ಬರುತ್ತದೆ. ಎರಡು ಕರ್ಣಗಳ ನಡುವೆ 3 ಮಿಮೀಗಿಂತ ಹೆಚ್ಚು ಫರಕು ಬಂದರೆ ಒಂದೋ ಗುದ್ದಿದ ಗಾಡಿ, ಇಲ್ಲವೇ ವೆಲ್ಡಿಂಗ್ ಮಾಡುವಾಗ ಎಳೆದುಕೊಂಡ ಗಾಡಿ.

ಈ ಕಾರಿನ ಚಾಸಿ ಫೋರ್ಡ್ ಪ್ರಿಫೆಕ್ಟ್ ಇ93ಎ ಎಂದು ಮೊದಲ ದಿನವೇ ಗುರುತಾಯಿತು. ಮುಂದೆ ಹಿಂದೆ ಎರಡೂ ಕಡೆ ಅಡ್ಡ ಲೀಫ್ ಸ್ಪ್ರಿಂಗ್, ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ವರೆಗೆ ಪ್ರೊಪೆಲರ್ ಶಾಫ್ಟನ್ನು ಒಳಗಿಟ್ಟುಕೊಂಡ ಟಾರ್ಕ್ ಟ್ಯೂಬ್, ಬ್ರೇಕಿಗೆ ಎಣ್ಣೆಯ ಬದಲು ಕಬ್ಬಿಣದ ರಾಡು. ಇಂಗ್ಲೆಂಡಿನಲ್ಲಿ ಮನೆಯಲ್ಲಿ ‘ಸ್ಪೆಷಲ್’ ಕಟ್ಟುವವರು ಆಸ್ಟಿನ್ ಸೆವೆನ್ ಬಿಟ್ಟರೆ ಕೈ ಹಾಕುತ್ತಿದ್ದುದು ಈ ಫೋರ್ಡಿಗೇ. ಕಾರಣ ಸಾದಾ: ಬಾಡಿ ಬಿಚ್ಚಿಟ್ಟರೂ ಚಾಸಿ ತಾನೇ ನಿಲ್ಲುತ್ತದೆ, ಓಡುತ್ತದೆ. ಫಿಯಟ್ 1100ರಲ್ಲಿ ಬಾಡಿಯೇ ಚಾಸಿ. ಮೇಲಿನದು ಕತ್ತರಿಸಿದರೆ ಕೆಳಗೆ ಏನೂ ಉಳಿಯುವುದಿಲ್ಲ. ಹೆರಾಲ್ಡ್‌ಗೆ ಬಾಡಿಯಿಂದ ಬೇರೆಯಾದ ಚಾಸಿ ಇದೆ, ನಿಜ. ಆದರೆ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್‌ಗಳ ನಂಬರು ಇರುವುದು ಬಾಡಿಗೆ ರಿವೆಟ್ ಹೊಡೆದ ಕಮಿಷನ್ ಪ್ಲೇಟಿನಲ್ಲಿ. ಬಾಡಿ ಗುಜರಿಗೆ ಹೋದರೆ ಗುರುತೂ ಅದರ ಹಿಂದೆಯೇ.

ಪ್ರಿಫೆಕ್ಟಿನ ವ್ಹೀಲ್‌ಬೇಸ್ (ಮುಂದಿನ, ಹಿಂದಿನ ಆಕ್ಸಲ್ ನಡುವಿನ ಅಂತರ) 94 ಇಂಚು. ಇಲ್ಲಿ ಸಿಕ್ಕಿದ್ದು 86. ಅಂದರೆ ನಡುವೆ 8 ಇಂಚು, 203 ಮಿಮೀ ಕತ್ತರಿಸಿದ್ದಾರೆ. ಬೇರೆಯವರಾಗಿದ್ದರೆ ‘ಚಾಸಿ ಕಡಿಮೆ ಮಾಡಲಾಗಿದೆ’ ಎಂದು ಒಂದು ಸಾಲು ಬರೆದು ಮುಂದೆ ಹೋಗುತ್ತಿದ್ದರು. ಇವರು ಹೋಗಲಿಲ್ಲ. ಈ ವರದಿಯ ಅಸಲಿ ಹಣ ಇರುವುದು ಮುಂದಿನ ಲೆಕ್ಕದಲ್ಲಿ.

ಗೇರ್‌ಬಾಕ್ಸ್ ಮೌಂಟಿನ ಹಳೆ ತೂತುಗಳು ಕ್ರಾಸ್ ಮೆಂಬರಿನಲ್ಲಿ ಹಾಗೇ ಇವೆ, ಬಣ್ಣ ತುಂಬಿಕೊಂಡು. ಹೊಸ ತೂತುಗಳು ಅದಕ್ಕಿಂತ 137 ಮಿಮೀ ಹಿಂದೆ. ಚಾಸಿಯಲ್ಲಿ ಹೋದ 203, ಗೇರ್‌ಬಾಕ್ಸ್ ಹಿಂದೆ ಸರಿದ 137, ಎರಡೂ ಕೂಡಿದರೆ 340. ಟಾರ್ಕ್ ಟ್ಯೂಬನ್ನು ಕತ್ತರಿಸದ ಇನ್ನೊಂದು ಟ್ಯೂಬಿನ ಪಕ್ಕ ಇಟ್ಟು ನೋಡಿದರೆ ಅದೂ 340 ಮಿಮೀ ಗಿಡ್ಡ, ಜೋಡಿಸಿದ್ದು ಒಂದೇ ಕಡೆ. ಲೆಕ್ಕ ಕೂಡಿತು ಅಂದರೆ ಚಾಸಿ ಕತ್ತರಿಸಿದ್ದು, ಗೇರ್‌ಬಾಕ್ಸ್ ಸರಿಸಿದ್ದು, ಟ್ಯೂಬ್ ಗಿಡ್ಡ ಮಾಡಿದ್ದು ಮೂರೂ ಒಂದೇ ಸಲದ ಕೆಲಸ, ಒಂದೇ ತಲೆಯ ಕೆಲಸ.

ಈಗ ಇಂಜಿನ್. ಫೋರ್ಡ್ 1172 ಸಿಸಿ, ಸೈಡ್ ವಾಲ್ವ್, ಅಂದರೆ ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿ. ಇಲ್ಲಿಯೇ ಬಹಳ ಜನ ಬೀಳುತ್ತಾರೆ. ಪ್ರಿಫೆಕ್ಟ್ ಇ93ಎ ಇಂಜಿನ್ 1172 ಸಿಸಿ. 1953ರಲ್ಲಿ ಬಂದ ಫೋರ್ಡ್ 100ಇ ಕಾರಿನದೂ 1172 ಸಿಸಿ. ಬೋರ್ (ಸಿಲಿಂಡರಿನ ಅಗಲ) 63.5 ಮಿಮೀ, ಸ್ಟ್ರೋಕ್ (ಪಿಸ್ಟನ್ ಓಟ) 92.5 ಮಿಮೀ, ಎರಡಕ್ಕೂ ಒಂದೇ. ಕಾಗದದ ಮೇಲೆ ಅವಳಿ ಮಕ್ಕಳು, ಬಿಚ್ಚಿದರೆ ದೂರದ ನೆಂಟರು. ಹಳೆಯದರಲ್ಲಿ ಟ್ಯಾಪೆಟ್ (ವಾಲ್ವನ್ನು ಎತ್ತುವ ತುಂಡು) ಹೊಂದಿಸಲು ಸ್ಕ್ರೂ ಇಲ್ಲ. ಗ್ಯಾಪ್ ಬೇಕಾದರೆ ವಾಲ್ವಿನ ಕಾಂಡದ ತುದಿಯನ್ನೇ ಗ್ರೈಂಡ್ ಮಾಡಬೇಕು. 100ಇಯಲ್ಲಿ ಟ್ಯಾಪೆಟ್ಟಿಗೆ ಸ್ಕ್ರೂ ಇದೆ, ವಾಟರ್ ಪಂಪ್ ಇದೆ, ಶಕ್ತಿ 30ರ ಬದಲು 36 ಕುದುರೆ, ಕಾರು 6 ವೋಲ್ಟ್ ಬಿಟ್ಟು 12ಕ್ಕೆ ಬಂದದ್ದೂ ಆಗಲೇ. ಗ್ಯಾರೇಜಿನವರು ಪಕ್ಕದ ವಾಲ್ವ್ ಚೇಂಬರಿನ ಮುಚ್ಚಳ ತೆಗೆದು ಟ್ಯಾಪೆಟ್ ಫೋಟೋ ಹಾಕಿದ್ದಾರೆ, ಪಕ್ಕದಲ್ಲಿ ಸ್ಟೀಲ್ ಪಟ್ಟಿ ಇಟ್ಟು. ಸ್ಕ್ರೂ ಇದೆ. 100ಇ.

ಹಾಗಾದರೆ ಇಂಜಿನ್ ಆಮೇಲೆ ಬದಲಾಯಿಸಿದ್ದೋ, ಕಟ್ಟುವಾಗಲೇ ಹಾಕಿದ್ದೋ? ಹಳೆ ಗೇರ್‌ಬಾಕ್ಸಿಗೂ ಈ ಇಂಜಿನ್ನಿಗೂ ನಡುವೆ ಲೇತಿನಲ್ಲಿ ತಿರುಗಿಸಿದ 10 ಮಿಮೀ ದಪ್ಪದ ಅಡಾಪ್ಟರ್ ಪ್ಲೇಟ್ ಇದೆ. ಮೊದಲು ಹಳೆ ಇಂಜಿನ್ ಇದ್ದು ಆಮೇಲೆ ಪ್ಲೇಟ್ ಬಂದಿದ್ದರೆ, ಇಂಜಿನ್ ತನ್ನ ಜಾಗದಲ್ಲೇ ಕೂತಿರುವಾಗ ಗೇರ್‌ಬಾಕ್ಸ್ 10 ಮಿಮೀ ಹಿಂದೆ ಹೋಗಲೇಬೇಕು: ಮೌಂಟಿಗೆ ಎರಡನೇ ಜೋಡಿ ತೂತು ಬೇಕು, ಇಲ್ಲವೇ ಇದ್ದ ತೂತು ಉದ್ದವಾಗಬೇಕು, ಟ್ಯೂಬಿಗೆ ಇನ್ನೊಂದು ವೆಲ್ಡ್ ಬೀಳಬೇಕು. ಇಲ್ಲಿ ಹೊಸ ತೂತು ಒಂದೇ ಜೋಡಿ, ದುಂಡಗಿವೆ, ಟ್ಯೂಬಿಗೆ ವೆಲ್ಡ್ ಒಂದೇ. ಅಂದರೆ ಕಾರು ಹುಟ್ಟಿದ್ದೇ ಈ ಇಂಜಿನ್ ಜತೆ, 1953ಕ್ಕಿಂತ ಮುಂಚೆ ಹುಟ್ಟಿರುವ ದಾರಿಯೇ ಇಲ್ಲ. ಒಂದು ತೂತಿನ ಆಕಾರದಿಂದ ಹದಿನೇಳು ವರ್ಷ ಕಳೆದು ಹಾಕಿದರು. ಇದಕ್ಕೆ ಶಾಭಾಸ್ ಅನ್ನಲೇಬೇಕು.

ವೆಲ್ಡಿಂಗ್ ಓದಿದ್ದೂ ಚೆನ್ನಾಗಿದೆ. ಚಾಸಿಯ ಜೋಡು ಗ್ಯಾಸ್ ವೆಲ್ಡಿನದು: ಬೀಡು (ವೆಲ್ಡಿನ ಗೆರೆ) ಅಗಲ, ಎರಡೂ ಬದಿ ಕಬ್ಬಿಣ ದೂರದವರೆಗೆ ನೀಲಿಗಟ್ಟಿ ಮೆತ್ತಗಾದ ಗುರುತು, ಮೇಲೆ ಫಿಶ್ ಪ್ಲೇಟ್ (ಜೋಡಣೆಗೆ ಬಲ ಕೊಡುವ ಪಟ್ಟಿ) ಹಾಕಿ ರಿವೆಟ್ ಹೊಡೆದಿದ್ದಾರೆ. ಎಡಬದಿ ಒಂದು ಜಾಗದಲ್ಲಿ ಮಾತ್ರ ಸಣ್ಣ ಒತ್ತಾದ ಬೀಡು, ಸುತ್ತ ಚಿಟಿಚಿಟಿ ಸಿಡಿದ ಹನಿ. ಅದು ಇತ್ತೀಚಿನ ಸಿಒ2 ವೆಲ್ಡ್, ಯಾರೋ ಬಿರುಕು ಮುಚ್ಚಿದ್ದು. ವರದಿ ಅದನ್ನು ಬೇರೆ ಬಣ್ಣದಲ್ಲಿ ಗುರುತು ಮಾಡಿದೆ. ಆದರೆ ಟಾರ್ಕ್ ಟ್ಯೂಬಿನ ವೆಲ್ಡಿಗೆ ಬಿರುಕಿದೆಯೇ ಎಂದು ಡೈ ಹಾಕಿ ನೋಡಿಲ್ಲ. ಹಿಂದಿನ ಆಕ್ಸಲ್ ತಳ್ಳುವ ಬಲವೆಲ್ಲ ಆ ಕೊಳವೆಯಲ್ಲಿ ಹಾದುಹೋಗುತ್ತದೆ, ಒಳಗೆ ಶಾಫ್ಟ್ ತಿರುಗುತ್ತಿರುತ್ತದೆ, ಗಿಡ್ಡ ಮಾಡಿದ ಜಾಗದಲ್ಲೇ ಮುರಿಯುವುದು. ಪೆನಿಟ್ರಂಟ್ ಡೈ ಸ್ಪ್ರೇ ಮೂರು ಡಬ್ಬಿಯ ಒಂದು ಸೆಟ್. ಸ್ವಚ್ಛ ಮಾಡಿ, ಕೆಂಪು ಹಾಕಿ 10 ನಿಮಿಷ ಬಿಟ್ಟು, ಒರೆಸಿ, ಬಿಳಿ ಡೆವಲಪರ್ ಹೊಡೆದರೆ ಬಿರುಕಿದ್ದಲ್ಲಿ ಕೆಂಪು ಗೆರೆ ತಾನೇ ಮೂಡುತ್ತದೆ. ಕೇಳಿ ಮಾಡಿಸಿಕೊಳ್ಳಿ.

ಬೋಲ್ಟುಗಳ ಭಾಗ ವರದಿಯಲ್ಲಿ ಅರ್ಧ ಪುಟ, ಆದರೆ ಓದಲು ಮಜಾ ಇದೆ. ಬ್ರಿಟಿಷ್ ಫೋರ್ಡುಗಳು ಅಮೆರಿಕದ ಥ್ರೆಡ್ ಬಳಸುತ್ತಿದ್ದವು: 3/8 ಇಂಚಿನ ಫೈನ್ ಬೋಲ್ಟಿಗೆ ಇಂಚಿಗೆ 24 ಎಳೆ. ಅದೇ ಅಳತೆಯ ಬ್ರಿಟಿಷ್ ಫೈನ್ ಥ್ರೆಡ್ಡಿನ, ಅಂದರೆ ಬಿಎಸ್‌ಎಫ್ ಬೋಲ್ಟಿಗೆ 20. ಥ್ರೆಡ್ ಗೇಜ್ ಹಿಡಿದು ನೋಡಿದಾಗ ಬಾಡಿಯ ಎಂಟು ಮೌಂಟುಗಳಲ್ಲಿ ಐದು ಬಿಎಸ್‌ಎಫ್, ಮೂರು ಮೆಟ್ರಿಕ್ ಎಂ8. ಬಿಎಸ್‌ಎಫ್ ಐದು ಕಟ್ಟಿದವರ ಡಬ್ಬಿಯವು. ಮೂರು ಮೆಟ್ರಿಕ್ ಬೋಲ್ಟುಗಳ ತಲೆ ಮೇಲೆ ‘ಟಿವಿಎಸ್’ ಗುರುತು, ಅಂದರೆ ಸುಂದರಂ ಫಾಸ್ಟನರ್ಸ್ ಮಾಲು, 1966ರ ಆಚೆಗಿನದು. ಬಾಡಿ ಒಮ್ಮೆಯಾದರೂ ಎತ್ತಿ ಇಟ್ಟಿದ್ದಾರೆ. ಡೈನಮೋ ಲ್ಯೂಕಾಸ್ ಟಿವಿಎಸ್. ಆ ಕಂಪನಿ ಹುಟ್ಟಿದ್ದೇ 1961ರಲ್ಲಿ. ಇಂಗ್ಲೆಂಡಿನ ಲ್ಯೂಕಾಸ್ ಸಾಮಾನಾಗಿದ್ದರೆ ಮೈ ಮೇಲೆ ತಿಂಗಳು, ಇಸವಿ ಒತ್ತಿರುತ್ತಿದ್ದರು, ಡಿಸ್ಟ್ರಿಬ್ಯೂಟರಿನ ಬುಡದಲ್ಲಿ ಹುಡುಕಿದರೆ ಸಾಮಾನ್ಯವಾಗಿ ಸಿಗುತ್ತದೆ. ಈ ಡಿಸ್ಟ್ರಿಬ್ಯೂಟರಿನ ಬುಡವನ್ನು ಅವರು ಒರೆಸಿಯೂ ನೋಡಿಲ್ಲ.

ಸ್ಮಿತ್ಸ್ ಸ್ಪೀಡೋಮೀಟರಿನ ಡಯಲಿನಲ್ಲಿ ಸಣ್ಣ ಅಕ್ಷರದಲ್ಲಿ 1600 ಎಂದಿದೆ. ಒಂದು ಮೈಲಿಗೆ ಕೇಬಲ್ ಎಷ್ಟು ಸುತ್ತಬೇಕೋ ಆ ಸಂಖ್ಯೆ ಅದು. ಈ ಗಾಡಿಗೆ ಅದು ಹೊಂದುತ್ತದೆಯೇ ಎಂದು ನೋಡುವ ಲೆಕ್ಕ ಸುಲಭ: ಕೇಬಲನ್ನು ಮೀಟರಿನಿಂದ ಬಿಚ್ಚಿ ತುದಿಗೆ ರಟ್ಟಿನ ಮುಳ್ಳು ಸಿಕ್ಕಿಸಿ, ಹಿಂದಿನ ಚಕ್ರ ಸರಿಯಾಗಿ 6 ಸುತ್ತು ಉರುಳುವಷ್ಟು ಗಾಡಿ ತಳ್ಳಿ, ಮುಳ್ಳು ಎಷ್ಟು ಸುತ್ತಿತು ಎಣಿಸಿ. ಆ ಸಂಖ್ಯೆಯನ್ನು 1680ರಿಂದ ಗುಣಿಸಿ, ಚಕ್ರದ ಹಬ್ಬಿನ ನಡುವಿನಿಂದ ನೆಲದವರೆಗಿನ ಇಂಚುಗಳಿಂದ ಭಾಗಿಸಿ. ಇಲ್ಲಿ 8 ಸುತ್ತು, 13 ಇಂಚು. ಉತ್ತರ 1034ರ ಹತ್ತಿರ. ಮೀಟರು ಬೇರೆ ಕಾರಿನದು. 50ರ ವೇಗದಲ್ಲಿ ಹೋದರೆ 32 ತೋರಿಸುತ್ತದೆ. ‘ಮೀಟರ್ ಪ್ರಕಾರ ಬರೀ 19,000 ಮೈಲಿ ಓಡಿದೆ’ ಎನ್ನುವ ಮನೆಯವರ ಮಾತಿಗೆ ಅಲ್ಲಿಗೆ ಬೆಲೆ ಮುಗಿಯಿತು.

ಇನ್ನು ದೂರು. ಬಾಡಿಯ ವಿಷಯದಲ್ಲಿ ಇವರದು ಆತುರದ ಕೈ. ತೇಗದ ಚೌಕಟ್ಟಿನ ಮೇಲೆ 18 ಗೇಜ್ ಅಲ್ಯೂಮಿನಿಯಂ, ಅಂದರೆ 1.2 ಮಿಮೀ, ಒಳಬದಿ ಸುತ್ತಿಗೆಯ ಏಟು ಕೊಪ್ಪರಿಗೆ ಬಡಿದ ಹಾಗೆ ಸಾಲು ಸಾಲಾಗಿ ಕಾಣುತ್ತದೆ. ಕಬ್ಬಿಣದ ಸ್ಕ್ರೂ ತೂರಿದಲ್ಲೆಲ್ಲ ಬಿಳಿ ಪುಡಿ, ಎರಡು ಲೋಹದ ನಡುವೆ ತೇವ ಕೂತು ಅಲ್ಯೂಮಿನಿಯಂ ತಿಂದಿದೆ. ಇಷ್ಟು ಬರೆದವರು ಎಡಗಡೆ ಬಾಗಿಲಿಗೆ ಪೇಂಟ್ ರಿಮೂವರ್ ಬಳಿದು ಬರಿ ಲೋಹ ಮಾಡಿಟ್ಟಿದ್ದಾರೆ, ಫೋಟೋ ತೆಗೆಯುವ ಮುಂಚೆ. ಹೀಗೆ ಮಾಡಬಾರದು. ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ 320, 600, 1000ರ ನೀರುಕಾಗದ ಸರದಿಯಾಗಿ ಉಜ್ಜಿದರೆ ಬಣ್ಣದ ಪದರಗಳು ಮರದ ಕಾಂಡದ ಬಳೆಗಳ ಹಾಗೆ ಬಿಚ್ಚಿಕೊಳ್ಳುತ್ತವೆ. ಬಲಗಡೆ ಬಾಗಿಲಲ್ಲಿ ಆಮೇಲೆ ಹೀಗೆ ಮಾಡಿ ನೋಡಿದಾಗ ಮೇಲಿಂದ ಕೆಂಪು, ಕೆನೆ, ಗಾಢ ಹಸಿರು, ಪ್ರೈಮರ್. ತಿನ್ನರ್ ಅದ್ದಿದ ಬಟ್ಟೆಗೆ ಹಸಿರು ಕರಗಿ ಬಂತು, ಅಂದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್. ಕೆನೆ ಬಣ್ಣ ಸುಕ್ಕುಗಟ್ಟಿತು, ಅದು ಸಿಂಥೆಟಿಕ್ ಎನಾಮಲ್. ಕೆಂಪು ಜಪ್ಪಯ್ಯ ಅನ್ನಲಿಲ್ಲ, ಅದು ಗಟ್ಟಿಕಾರಕ ಬೆರೆಸಿ ಹೊಡೆಯುವ ಟೂ‌ಕೆ. ಮೊದಲ ಬಣ್ಣ ಹಸಿರು ಎನ್ನುವುದು ಹಳೆ ಫೋಟೋ ಹುಡುಕುವವರಿಗೆ ದೊಡ್ಡ ಸುಳಿವು. ಎಡಗಡೆ ಬಾಗಿಲಲ್ಲಿ ಅದು ತೊಳೆದು ಹೋಯಿತು.

ಚಾಸಿ ನಂಬರಿನ ಮೇಲೆ ತುಕ್ಕು ಕೂತಿದ್ದರೆ ‘ಆಸಿಡ್ ಹಾಕಿ ಎಬ್ಬಿಸಿಕೊಡುತ್ತೇವೆ’ ಎನ್ನುತ್ತಾರೆ. ಒಪ್ಪಬೇಡಿ. ಅಕ್ಷರ ಒತ್ತಿದಾಗ ಅದರ ಕೆಳಗಿನ ಕಬ್ಬಿಣ ಬಿಗಿದುಕೊಂಡಿರುತ್ತದೆ, ತಾಮ್ರದ ಕ್ಲೋರೈಡ್ ಬೆರೆಸಿದ ಆಸಿಡ್ ಆ ಬಿಗಿದ ಭಾಗವನ್ನು ಬೇರೆ ಥರ ಕಚ್ಚುವುದರಿಂದ ನಂಬರು ಮೂಡುತ್ತದೆ, ವಿದ್ಯೆ ನಿಜವೇ. ಆದರೆ ಅದಕ್ಕೆ ಮುಂಚೆ ಉಜ್ಜಬೇಕು, ಉಜ್ಜಿದ ನಂಬರನ್ನು ಆರ್‌ಟಿಒ ಕಚೇರಿಯಲ್ಲಿ ಯಾರೂ ಒಳ್ಳೆಯ ಕಣ್ಣಿಂದ ನೋಡುವುದಿಲ್ಲ. ಸೀಮೆಎಣ್ಣೆ, ನೈಲಾನ್ ಬ್ರಶ್, ಓರೆಯಾಗಿ ಬಿದ್ದ ಟಾರ್ಚ್ ಬೆಳಕು. ಇಷ್ಟಕ್ಕೆ ಕಾಣದಿದ್ದರೆ ಕೆಲಸ ವಿಧಿವಿಜ್ಞಾನ ಪ್ರಯೋಗಾಲಯದ್ದು. ಬೀದರಿನ ಕುಶಲಕರ್ಮಿಯಿಂದ ಹಿತ್ತಾಳೆಯಲ್ಲಿ ಹೊಸ ನಂಬರ್ ಪ್ಲೇಟ್ ಕೆತ್ತಿಸಿಕೊಡುತ್ತೇವೆ ಎನ್ನುವ ಮಾತೂ ಬರುತ್ತದೆ. ಚಂದ ಇರುತ್ತದೆ, ಮನೆಯ ಗೋಡೆಗೆ ಹಾಕಿಕೊಳ್ಳಿ.

ಎಲ್ಲಕ್ಕಿಂತ ಕಚ್ಚಾ ಕೆಲಸ ಕಾಗದದ್ದು. ಮನೆಯವರ ಬಳಿ ಟೈರು ಖರೀದಿಸಿದ ಉರ್ದು ರಸೀದಿ ಒಂದಿದೆ: ಬಹಮನ್, 1356. ಮೊತ್ತದ ಮುಂದೆ ‘ಹಾಲಿ’. ಗ್ಯಾರೇಜಿನವರು ಅದನ್ನು ಹಿಜರಿ ಎಂದು ತಿಳಿದು ‘1937’ ಎಂದು ಬರೆದಿದ್ದಾರೆ. ಬಹಮನ್ ಹಿಜರಿ ತಿಂಗಳಲ್ಲ, ನಮ್ಮ ಬಹಮನಿ ಸುಲ್ತಾನರಿಗೂ ಇಲ್ಲಿ ಸಂಬಂಧವಿಲ್ಲ. ಹೈದರಾಬಾದ್ ರಾಜ್ಯದಲ್ಲಿ ಸರಕಾರಿ ಲೆಕ್ಕಕ್ಕೆ ನಡೆಯುತ್ತಿದ್ದ ಫಸ್ಲಿ ವರ್ಷದ ಮೂರನೇ ತಿಂಗಳು. ಆ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಆಜುರ್ ತಿಂಗಳಿನಿಂದ ಶುರು. ಡಿಸೆಂಬರ್‌ವರೆಗಿನ ತಾರೀಖಿಗೆ 590, ಜನವರಿಯಿಂದ ಮುಂದಿನದಕ್ಕೆ 591 ಕೂಡಿಸಬೇಕು. 1356ರ ಬಹಮನ್ ಅಂದರೆ 1946ರ ಡಿಸೆಂಬರ್ ಸುಮಾರು. ಹಾಲಿ ಎಂದರೆ ನಿಜಾಮರ ಸಿಕ್ಕಾ, ಅದರ 7 ರೂಪಾಯಿಗೆ ಬ್ರಿಟಿಷ್ ಕಲ್ದಾರ್ ರೂಪಾಯಿ 6. ಬೆಲೆ ಹೋಲಿಸುವಾಗ ಅದೂ ಲೆಕ್ಕಕ್ಕೆ ಬರುತ್ತದೆ. ಒಂಬತ್ತು ವರ್ಷ ತಪ್ಪಿತು ಅನ್ನುವುದಕ್ಕಿಂತ ಬೇಸರದ ಸಂಗತಿ ಇನ್ನೊಂದು: ಇ93ಎ ಪ್ರಿಫೆಕ್ಟ್ ಮಾರುಕಟ್ಟೆಗೆ ಬಂದದ್ದೇ 1938ರ ಕೊನೆಗೆ. ಚಾಸಿ ಪ್ರಿಫೆಕ್ಟಿನದು ಎಂದು ಮೂರನೇ ಪುಟದಲ್ಲಿ ಬರೆದವರೇ ಒಂಬತ್ತನೇ ಪುಟದಲ್ಲಿ ಅದಕ್ಕೆ 1937ರಲ್ಲಿ ಟೈರು ಕೊಡಿಸಿದ್ದಾರೆ.

ದಾಖಲೆ ಎಲ್ಲಿ ಹುಡುಕಬೇಕು ಎನ್ನುವ ಭಾಗವೂ ತೆಳು. ‘ಪರಿವಾಹನ್ ಪೋರ್ಟಲಿನಲ್ಲಿ ಸಿಗಲಿಲ್ಲ’ ಎಂದು ಕೈತೊಳೆದುಕೊಂಡಿದ್ದಾರೆ. ಅದು ಸರಕಾರದ ವಾಹನ ದಾಖಲೆಯ ಜಾಲತಾಣ. ಸಿಗುವುದಿಲ್ಲ, ಕೆಎ 32 (ಕಲಬುರಗಿ), 33 (ಯಾದಗಿರಿ), 38 (ಬೀದರ್) ಸರಣಿಗಿಂತ ಮುಂಚಿನ ನಂಬರುಗಳನ್ನು ಯಾರಾದರೂ ಬ್ಯಾಕ್‌ಲಾಗ್ ಎಂಟ್ರಿ (ಹಳೆ ದಾಖಲೆ ಕಂಪ್ಯೂಟರಿಗೆ ಏರಿಸುವುದು) ಮಾಡಿಸಿದ್ದರೆ ಮಾತ್ರ ಅಲ್ಲಿ ಇರುತ್ತವೆ. ಹಳೆಯದಕ್ಕೆ ಆರ್‌ಟಿಒ ರಿಜಿಸ್ಟರಿನ ನಕಲು, ಅಂದರೆ ‘ಬಿ ಎಕ್ಸ್‌ಟ್ರಾಕ್ಟ್’ ಕೇಳಬೇಕು. ಸಿಗದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ, 30 ದಿನದ ಗಡುವು. ಅರ್ಜಿಯಲ್ಲಿ ‘ಕಾರಿನ ಇತಿಹಾಸ ಕೊಡಿ’ ಎನ್ನಬಾರದು. ನೋಂದಣಿ ಸಂಖ್ಯೆ ಬರೆದು, ಆ ಪುಟದ ಮಾಲೀಕರ ಕಾಲಂ, ಬಾಡಿ ಮಾದರಿ ಕಾಲಂ, ಬದಲಾವಣೆಯ ಷರಾ, ಇವುಗಳ ದೃಢೀಕೃತ ನಕಲು ಎಂದು ಕೇಳಬೇಕು. ‘ಸಲೂನ್’ (ಮುಚ್ಚಿದ ಕಾರು) ಎಂಬುದನ್ನು ಹೊಡೆದುಹಾಕಿ ‘ಓಪನ್ ಟೂ ಸೀಟರ್’ ಎಂದು ಬರೆದ ಷರಾ ಸಿಕ್ಕರೆ ಕಾರು ಹುಟ್ಟಿದ ದಿನವೇ ಸಿಕ್ಕಂತೆ.

ಯಾವ ಕಚೇರಿ ಎನ್ನುವುದು ನಮ್ಮ ಭಾಗದಲ್ಲಿ ಸಣ್ಣ ಪ್ರಶ್ನೆಯಲ್ಲ. ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರ್ ಕೊನೆಗೆ, ಹಾಗಾಗಿ ಸುರಪುರ, ಶಹಾಪುರದ ಹಳೆ ಗಾಡಿಗಳ ಹುಡುಕಾಟ ಕಲಬುರಗಿಯಿಂದಲೇ ಶುರುವಾಗಬೇಕು. 1956ರ ನವೆಂಬರ್ 1ಕ್ಕೆ ಮುಂಚೆ ಉದಗೀರ, ನಿಲಂಗಾ, ಅಹಮದಪುರ ಬೀದರ್ ಜಿಲ್ಲೆಯಲ್ಲಿದ್ದವು. ಅವು ಈಗ ಮಹಾರಾಷ್ಟ್ರ. ಜಹೀರಾಬಾದ್, ನಾರಾಯಣಖೇಡವೂ ಬೀದರಿನವೇ, ಈಗ ತೆಲಂಗಾಣ. ಕಲಬುರಗಿಯ ಕೊಡಂಗಲ್, ತಾಂಡೂರು ಕೂಡ ಆಚೆ ಹೋದವು. ಬಸವಕಲ್ಯಾಣದಲ್ಲಿ ಸಿಕ್ಕ ಕಾರಿನ ಮೊದಲ ಕಾಗದ ಹೈದರಾಬಾದಿನ ತಾರ್ನಾಕದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ಇದ್ದರೂ ಆಶ್ಚರ್ಯವಿಲ್ಲ. ವರದಿಯಲ್ಲಿ ಇದರ ಒಂದು ಸಾಲೂ ಇಲ್ಲ.

ಇದೆಲ್ಲ ಬರೀ ಹವ್ಯಾಸದ ಮಾತಾಗಿದ್ದರೆ ಬಿಡಬಹುದಿತ್ತು. 2021ರ ಜುಲೈನ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಖಾಸಗಿ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ: ನಂಬರಿನಲ್ಲಿ ‘ವಿಎ’, ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ, ಆಮೇಲೆ ಮರುನೋಂದಣಿಗೆ 5,000. ದಿನದ ಓಡಾಟಕ್ಕೆ ಬಿಡುವುದಿಲ್ಲ. ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ಮತ್ತು ರಿಪೇರಿಗೆ ಮಾತ್ರ. ತೊಡಕು ಇರುವುದು ಮುಂದಿನ ಷರತ್ತಿನಲ್ಲಿ: ವಾಹನ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಇಂಜಿನ್ ಗಣನೀಯವಾಗಿ ಬದಲಾಗಿರಬಾರದು. ಮನೆಯಲ್ಲಿ ಕಟ್ಟಿದ ಕಾರು ಮೂರನ್ನೂ ಬದಲಾಯಿಸಿಯೇ ಹುಟ್ಟಿದ್ದು. ‘1946ರಲ್ಲಿ ಓಡಾಡುತ್ತಿದ್ದ ಪ್ರಿಫೆಕ್ಟ್ ಚಾಸಿ, 1953ರ ನಂತರ ಒಂದೇ ಸಲಕ್ಕೆ ಗಿಡ್ಡ ಮಾಡಿ 100ಇ ಇಂಜಿನ್ ಜತೆ ಕಟ್ಟಿದ್ದು, ಆಮೇಲೆ ಚಾಸಿ ಅಳತೆ ಬದಲಾಗಿಲ್ಲ’ ಎಂದು ಆಧಾರ ಸಮೇತ ಇಟ್ಟರೆ ಅಧಿಕಾರಿಯ ಮುಂದೆ ವಾದಕ್ಕೆ ಒಂದು ನೆಲ ಇರುತ್ತದೆ. ‘1936ರ ರೇಸ್ ಕಾರು’ ಎಂದು ಇಟ್ಟರೆ ಮೊದಲ ಪ್ರಶ್ನೆಗೇ ಬೀಳುತ್ತದೆ. ಗ್ಯಾರೇಜಿನ ಮುಖಪುಟದಲ್ಲಿ ಇರುವುದು ಎರಡನೆಯದೇ, ದಪ್ಪ ಅಕ್ಷರದಲ್ಲಿ. ಒಳಗಿನ ಅಳತೆ ನಂಬದೆ ಗಿರಾಕಿಯ ಕಥೆ ನಂಬಿದ್ದಾರೆ.

ಈ ಗ್ಯಾರೇಜಿಗೆ ಗಾಡಿ ಕೊಡುವುದಾದರೆ ಹೀಗೆ ಕೊಡಿ. ಬಾಡಿಗೆ ಕೈ ಹಚ್ಚಬಾರದು ಎಂದು ಬರೆಸಿಕೊಳ್ಳಿ, ಚಾಸಿ ಮತ್ತು ಇಂಜಿನ್ ಮಾತ್ರ. ಎಲ್ಲ ಫೋಟೋದಲ್ಲೂ ಸ್ಟೀಲ್ ಪಟ್ಟಿ ಕಾಣಬೇಕು. ಬಿಚ್ಚಿದ ಬೋಲ್ಟುಗಳು ಜಾಗದ ಹೆಸರು ಬರೆದ ಪುಡಿಕೆಯಲ್ಲಿ ವಾಪಸು ಬರಬೇಕು, ತುಕ್ಕು ಹಿಡಿದದ್ದೂ ಸೇರಿ. ಕಾಗದಗಳನ್ನು ಅವರಿಗೆ ಕೊಡಬೇಡಿ. ಉರ್ದು ಓದುವ ಹಿರಿಯರು ಕಲಬುರಗಿಯಲ್ಲಿ ಬೇಕಾದಷ್ಟಿದ್ದಾರೆ, ಫಸ್ಲಿ ತಿಂಗಳು ಬಾಯಿಪಾಠ ಹೇಳುವವರೂ ಇದ್ದಾರೆ. ಮುಖಪುಟ ತಿದ್ದಿಕೊಡಲು ಮತ್ತೆ ದುಡ್ಡು ಕೇಳಿದರೆ ಜಗಳ ಬೇಡ, ಮೂರನೇ ಪುಟ ಮತ್ತು ಒಂಬತ್ತನೇ ಪುಟ ಎರಡನ್ನೂ ಅದೇ ಫರ್ಸಿ ಮೇಲೆ ಅಕ್ಕಪಕ್ಕ ಇಟ್ಟು ತೋರಿಸಿ.